ಎರಡನೆಯ ಅಕ್ಷರ ಮತ್ತು ತೆಂಕಣ ಗಾಳಿ

ನಮ್ಮ ಮನೆಯ ಅಟ್ಟದಲ್ಲಿ ಓಲೆಗರಿಯ ಒಂದು ಕಟ್ಟು ಇತ್ತು. ಲಕ್ಷ್ಮೀಶನ ಜೈಮಿನಿ ಭಾರತ. ಎರಡು ಮರದ ಪಟ್ಟಿಗಳ ನಡುವೆ ಗರಿಗಳನ್ನು ದಾರದಲ್ಲಿ ಪೋಣಿಸಿ, ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದರು. ಬಂಟ್ವಾಳದಿಂದ ಮೂಡಕ್ಕೆ, ನೇತ್ರಾವತಿಯ ಬದಿಯ ಹಳ್ಳಿ ನಮ್ಮದು. ನಾಟಿ ಮುಗಿದು ಆಟಿ ತಿಂಗಳ ಮಳೆ ಹಿಡಿದರೆ ಅಂಗಳಕ್ಕೆ ಇಳಿಯುವ ಹಾಗಿರಲಿಲ್ಲ. ಅಂಥ ಸಂಜೆಗಳಲ್ಲಿ ಅಜ್ಜ ಆ ಕಟ್ಟನ್ನು ಇಳಿಸಿ, ಚಾವಡಿಯಲ್ಲಿ ದೀಪದ ಹತ್ತಿರ ಕೂತು ಓದುತ್ತಿದ್ದರು. ಸುತ್ತಲಿನ ನಾಲ್ಕಾರು ಮನೆಯವರು ಗೊರಬೆ ಹೊದ್ದುಕೊಂಡು ಬಂದು ಕೇಳುತ್ತಿದ್ದರು.

ನಾನು ಶಾಲೆಗೆ ಹೋಗಿ ಅಕ್ಷರ ಕಲಿತ ಮೇಲೆ ಅಜ್ಜನ ಹೆಗಲ ಮೇಲಿಂದ ಬಗ್ಗಿ ನೋಡಿದರೆ, ಆ ಗರಿಯಲ್ಲಿ ಪದ್ಯ ಎಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ಪಾಠಪುಸ್ತಕದಲ್ಲಿ ಪದ್ಯವೆಂದರೆ ಒಂದರ ಕೆಳಗೆ ಒಂದು ಸಾಲು, ಬದಿಯಲ್ಲಿ ಖಾಲಿ ಜಾಗ. ಗರಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಅಕ್ಷರದ ಬೆನ್ನಿಗೆ ಅಕ್ಷರ. ಪದಗಳ ನಡುವೆ ಬಿಡುವಿಲ್ಲ, ಸಾಲು ಮುರಿಯುವುದಿಲ್ಲ. ಪದ್ಯ ಮುಗಿದಲ್ಲಿ ಎರಡು ಗೀಟು, ಅಷ್ಟೆ. ಅಜ್ಜ ಮಾತ್ರ ಎಲ್ಲಿಯೂ ತಡವರಿಸದೆ, ಎಲ್ಲಿ ಸಾಲು ಮುಗಿದು ಎಲ್ಲಿ ಹೊಸ ಸಾಲು ಎತ್ತಬೇಕೋ ಅಲ್ಲೇ ಸ್ವರ ಎತ್ತುತ್ತಿದ್ದರು. ಹೇಗೆಂದು ಕೇಳಿದೆ. “ಎರಡನೇ ಅಕ್ಷರ ಹಿಡಿ ಮಗಾ, ಸಾಲು ತನ್ನಿಂದ ತಾನೇ ಸಿಗ್ತದೆ” ಎಂದರು.

ಮುಂದೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾ ನನ್ನ ಆಯುಷ್ಯದ ಬಹುಪಾಲು ಕಳೆಯಿತು. ದ್ವಿತೀಯಾಕ್ಷರ ಪ್ರಾಸದ ಲಕ್ಷಣವನ್ನು ಕಪ್ಪು ಹಲಗೆಯ ಮೇಲೆ ಬರೆಯುವಾಗಲೆಲ್ಲ ಅಜ್ಜನ ಆ ಮಾತೇ ನನಗೆ ಮೊದಲು ನೆನಪಾಗುತ್ತಿತ್ತು. ಲಕ್ಷಣ ಸರಳ. ಪದ್ಯದ ಮೊದಲ ಸಾಲಿನ ಎರಡನೆಯ ಅಕ್ಷರದಲ್ಲಿ ಯಾವ ವ್ಯಂಜನ ಬಂದಿದೆಯೋ, ಉಳಿದ ಎಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲೂ ಅದೇ ಬರಬೇಕು. ಸ್ವರ ಬೇರೆಯಾಗಬಹುದು, ವ್ಯಂಜನ ಬದಲಾಗಬಾರದು. ಮೊದಲ ಅಕ್ಷರ ಒಂದು ಸಾಲಿನಲ್ಲಿ ಹ್ರಸ್ವವಾಗಿದ್ದರೆ ಎಲ್ಲದರಲ್ಲೂ ಹ್ರಸ್ವ, ದೀರ್ಘವಾಗಿದ್ದರೆ ಎಲ್ಲದರಲ್ಲೂ ದೀರ್ಘ. ಪಾಠಪುಸ್ತಕಗಳು ಇದನ್ನು ಶಬ್ದಾಲಂಕಾರವೆಂದು ಹೇಳಿ ಮುಗಿಸುತ್ತವೆ. ನನಗೆ ಅಷ್ಟರಿಂದ ಸಮಾಧಾನವಿಲ್ಲ. ಅಜ್ಜನಿಗೆ ಅದು ಅಲಂಕಾರವಾಗಿರಲಿಲ್ಲ, ದಾರಿ ತೋರಿಸುವ ಗುರುತಾಗಿತ್ತು. ಜೈಮಿನಿ ಭಾರತದ ವಾರ್ಧಕ ಷಟ್ಪದಿಯ ಗಿಡ್ಡ ಸಾಲಿನಲ್ಲಿ ಐದು ಮಾತ್ರೆಯ ನಾಲ್ಕು ಗಣ, ಒಟ್ಟು 20 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲು ಆರು ಗಣಗಳ ಮೇಲೆ ಒಂದು ಗುರು, ಒಟ್ಟು 32. ಒಂದೇ ಅಳತೆಯಲ್ಲದ ಈ ಸಾಲುಗಳು ಗರಿಯ ಮೇಲೆ ಒಂದಕ್ಕೊಂದು ಅಂಟಿಕೊಂಡು ಹರಿಯುವಾಗ, ಸಾಲು ಇಲ್ಲಿ ಶುರುವಾಯಿತು ಎಂದು ಓದುವವನಿಗೂ ಕೇಳುವವನಿಗೂ ಹೇಳುವುದು ಆ ಎರಡನೆಯ ಅಕ್ಷರ.

ಈ ಪದ್ಧತಿಯ ವಯಸ್ಸು ದೊಡ್ಡದು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದು. ಅದರ ತ್ರಿಪದಿಯನ್ನು ಮಕ್ಕಳಿಂದ ಓದಿಸಿದರೆ, ಅರ್ಥ ತಿಳಿಯುವ ಮೊದಲೇ ‘ಧ’ಕಾರ ಅವರ ಕಿವಿಗೆ ಬಿದ್ದಿರುತ್ತದೆ. ಪ್ರತಿ ಪಾದದ ಎರಡನೆಯ ಜಾಗದಲ್ಲಿ ಅದು ಕೂತಿದೆ. ಕಲ್ಲಿನಲ್ಲಿ ಕೊರೆಯುವ ಹೊತ್ತಿಗೇ ಅದು ರೂಢಿಯಾಗಿತ್ತು ಎಂದಾದರೆ, ಬಾಯಲ್ಲಿ ಎಷ್ಟು ಕಾಲದಿಂದ ಇದ್ದಿರಬೇಕು! ತಮಿಳಿನಲ್ಲಿ ಇದೇ ಪದ್ಧತಿಗೆ ಎದುಗೈ ಎನ್ನುತ್ತಾರೆ, ತೆಲುಗಿನಲ್ಲಿ ಪ್ರಾಸವೆಂದೇ ಹೆಸರು. ಸಂಸ್ಕೃತದ ವೃತ್ತಗಳನ್ನು ನಾವು ಬರಮಾಡಿಕೊಂಡೆವು, ಆದರೆ ಅವಕ್ಕೂ ಈ ನೆಲದ ಪ್ರಾಸವನ್ನು ತೊಡಿಸಿದೆವು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಈ ವಿಚಾರದಲ್ಲಿ ಒಂದು ಬೆಲೆಬಾಳುವ ಸಂಗತಿಯನ್ನು ಹೇಳುತ್ತದೆ. ಕನ್ನಡದ ಹಿಂದಿನ ಕವಿಗಳು ಪ್ರಾಸವನ್ನೇ ದೊಡ್ಡದೆಂದು ಎಣಿಸಿ ಯತಿಯನ್ನು ಮೀರಿದರಂತೆ. ಯತಿಯೆಂದರೆ ಪದ್ಯದ ನಡುವೆ ಉಸಿರು ನಿಲ್ಲಿಸುವ ಜಾಗ. ಸಂಸ್ಕೃತದಲ್ಲಿ ಅಲ್ಲಿ ಪದ ಮುಗಿದಿರಲೇಬೇಕು. ನಮ್ಮವರು ಆ ಕಟ್ಟನ್ನು ಬಿಟ್ಟರು. ಪದ ಸಾಲಿನ ಕೊನೆಯನ್ನೂ ದಾಟಿ ಮುಂದಿನ ಸಾಲಿಗೆ ಕಾಲಿಡಬಹುದು. ಹಾಗಾದಾಗ ಸಾಲಿನ ಕೊನೆ ಕಿವಿಗೆ ಸಿಗುವುದಿಲ್ಲ, ಅದರ ತಲೆ ಮಾತ್ರ ಸಿಗುತ್ತದೆ. ಕನ್ನಡದ ಪ್ರಾಸ ಸಾಲಿನ ಬುಡಕ್ಕೆ ಬರದೆ ತಲೆಗೆ ಬಂದದ್ದು ಇದರಿಂದಲೇ ಎಂಬುದು ನನ್ನ ತಿಳಿವಳಿಕೆ.

ಇದಕ್ಕೆ ಪಂಪನಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯನ್ನು ನೆನೆಯುವ ಪದ್ಯ ಯಾರಿಗೆ ಗೊತ್ತಿಲ್ಲ! ತೆಂಕಣ ಗಾಳಿ ಮೈಗೆ ಸೋಕುವುದರಿಂದ ಅದು ಶುರುವಾಗುತ್ತದೆ. ಇಂಪಾದ ಹಾಡು, ಅರಳಿದ ಮಲ್ಲಿಗೆ, ವಸಂತದ ಉತ್ಸವ ಒಂದೊಂದಾಗಿ ಬರುತ್ತವೆ. ಉತ್ಪಲಮಾಲೆಯ ವೃತ್ತ, ಸಾಲಿಗೆ 20 ಅಕ್ಷರ. ಬಿಂದುವಿನ ಬೆನ್ನಿಗೆ ಕ-ವರ್ಗದ ಅಕ್ಷರ ಪ್ರತಿ ಸಾಲಿನ ತಲೆಯಲ್ಲಿ ಮೊಳಗುತ್ತದೆ. ಆ ಪ್ರಾಸಕ್ಕಾಗಿ ಪಂಪ ಏನು ಮಾಡಿದ್ದಾನೆ ನೋಡಿ. ಹಾಡು ಎಂಬ ಅರ್ಥದ ‘ಗೇಯಂ’ ಎಂಬ ಮಾತನ್ನು ಸೀಳಿ ‘ಗೇ’ಯನ್ನು ಮೊದಲ ಸಾಲಿನ ಕೊನೆಗೆ, ‘ಯಂ’ ಎಂಬುದನ್ನು ಎರಡನೆಯ ಸಾಲಿನ ಮೊದಲಿಗೆ ಇಟ್ಟಿದ್ದಾನೆ. ಮುಂದಿನ ಸಾಲುಗಳ ಕೊನೆಯಲ್ಲೂ ಹಾಗೆಯೇ ಪದಗಳು ಎರಡಾಗುತ್ತವೆ. ಅಚ್ಚಿನ ಪುಟದಲ್ಲಿ ನೋಡಿದ ವಿದ್ಯಾರ್ಥಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಗಮಕಿಯ ಬಾಯಲ್ಲಿ ಕೇಳಿದವರಿಗೆ ಸೀಳೇ ತಿಳಿಯುವುದಿಲ್ಲ. ನೆನಪು ಎಲ್ಲಿಯೂ ಕಡಿಯದೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ, ಸಾಲಿನ ತಲೆ ಮಾತ್ರ ಹದವಾಗಿ ಬಡಿಯುತ್ತಿರುತ್ತದೆ. ಊರ ಹಂಬಲ ನಿಲ್ಲದೆ ಹರಿಯುವಂಥದು. ಆ ಭಾವಕ್ಕೂ ಸಾಲು ದಾಟಿ ಹೋಗುವ ಪದಗಳಿಗೂ ಇರುವ ನಂಟನ್ನು ಕಂಡ ದಿನ ನಾನು ಪಾಠ ನಿಲ್ಲಿಸಿ ಆ ಪದ್ಯವನ್ನು ಮಕ್ಕಳ ಎದುರು ಮತ್ತೆ ಮತ್ತೆ ಓದಿದ್ದೆ.

ನಿಯಮಗಳನ್ನು ಅಚ್ಚುಕಟ್ಟಾಗಿ ಕೂಡಿಸಿದವನು ಹತ್ತನೆಯ ಶತಮಾನದ ನಾಗವರ್ಮ. ಅವನ ಛಂದೋಂಬುಧಿ ಹೆಂಡತಿಗೆ ಹೇಳಿದ ಪಾಠದ ರೂಪದಲ್ಲಿದೆ. ಪ್ರಾಸದಲ್ಲಿ ಆರು ಬಗೆ, ಆರಕ್ಕೂ ಪ್ರಾಣಿಗಳ ಹೆಸರು. ಮೊದಲ ಅಕ್ಷರ ಹ್ರಸ್ವವಾಗಿ ಎರಡನೆಯದು ಒಂಟಿ ವ್ಯಂಜನವಾದರೆ ಸಿಂಹ, ಮೊದಲದು ದೀರ್ಘವಾದರೆ ಗಜ, ಬಿಂದು ಬಂದರೆ ವೃಷಭ, ವಿಸರ್ಗವಾದರೆ ಅಜ, ಬೇರೆ ಬೇರೆ ವ್ಯಂಜನಗಳ ಒತ್ತಕ್ಷರವಾದರೆ ಶರಭ, ಅದೇ ಅಕ್ಷರಕ್ಕೆ ಅದೇ ಒತ್ತಾದರೆ ಹಯ. ಮಕ್ಕಳು ಇದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ, ಮರೆಯುವುದಿಲ್ಲ. ಇದೇ ಛಂದೋಂಬುಧಿಯನ್ನು 1875ರಲ್ಲಿ ಫರ್ಡಿನಾಂಡ್ ಕಿಟೆಲ್ ಸಂಪಾದಿಸಿದರು, ಮಂಗಳೂರಿನ ಬಾಸೆಲ್ ಮಿಷನ್ ಅದನ್ನು ಹೊರತಂದಿತು. ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಇದನ್ನು ನಾನು ದೊಡ್ಡ ಘಟನೆಯೆಂದೇ ಎಣಿಸುತ್ತೇನೆ. ಪ್ರಾಸದ ಶಾಸ್ತ್ರ ಅಚ್ಚಾಗಿ ಎಲ್ಲರ ಕೈಗೆ ಬಂದ ಅದೇ ಕಾಲದಲ್ಲಿ, ಅದೇ ಅಚ್ಚಿನಿಂದಾಗಿ ಪ್ರಾಸದ ಹಳೆಯ ಕೆಲಸ ಅದರ ಕೈ ತಪ್ಪತೊಡಗಿತ್ತು. ಅಚ್ಚು ಸಾಲುಗಳನ್ನು ಮುರಿದು ಒಂದರ ಕೆಳಗೊಂದು ಜೋಡಿಸಿ ಕಣ್ಣಿಗೆ ತೋರಿಸುತ್ತದೆ. ಸಾಲು ಎಲ್ಲಿ ಶುರುವಾಯಿತು ಎಂದು ಕಿವಿಗೆ ಹೇಳಬೇಕಾದ ಅಗತ್ಯ ಉಳಿಯಲಿಲ್ಲ.

ಇನ್ನು ಋತುವರ್ಣನೆಯ ಮಾತು. ಮಹಾಕಾವ್ಯಕ್ಕೆ 18 ವರ್ಣನೆಗಳು ಬೇಕೆಂಬ ಕಟ್ಟಳೆಯಲ್ಲಿ ಋತುಗಳದೂ ಒಂದು. ಹಾಗಾಗಿ ಕವಿಗಳೆಲ್ಲ ಮಳೆಗಾಲವನ್ನು ಬರೆದರು. ನವಿಲು, ಚಾತಕ, ಕೇದಗೆ, ಮಿಂಚು, ಅಗಲಿದ ಪ್ರಿಯರು ಸಾಲುಗಟ್ಟಿ ಬಂದರು. ಅವುಗಳಲ್ಲಿ ಚೆಲುವಿಲ್ಲವೆಂದಲ್ಲ. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಕರಾವಳಿಯ ಮಳೆ ಅಲ್ಲಿ ಸಿಗುವುದಿಲ್ಲ. ಇಲ್ಲಿ ಮಳೆಗಾಲವೆಂದರೆ ಬದುಕಿನ ಲೆಕ್ಕಾಚಾರವೇ ಬದಲಾಗುವ ಕಾಲ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಮೇ ಕೊನೆಯ ವಾರದ ಆ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಹಂಚಿನ ಮಾಡು, ಮುಳಿಹುಲ್ಲಿನ ಮಾಡು ಸರಿಮಾಡಿಸಿ, ಕಟ್ಟಿಗೆ ಒಳಗೆ ಹಾಕಿ, ಹಪ್ಪಳ ಒಣಗಿಸಿ ಮುಗಿಸಿರಬೇಕು. ಮುಂದಿನದೆಲ್ಲ ಒಳಗೆ ಕೂತು ಕೇಳುವ ಕಾಲ. ತಾಳಮದ್ದಳೆ, ಪುರಾಣವಾಚನ, ಅಜ್ಜನ ಜೈಮಿನಿ ಇವೆಲ್ಲ ಆ ಕಾಲಕ್ಕೆ ಸೇರಿದವು.

ಆ ಒಳಗಿನ ಮಳೆಗಾಲವನ್ನು ಮೊದಲು ಬರೆದವರು ನಂದಳಿಕೆಯ ಲಕ್ಷ್ಮೀನಾರಣಪ್ಪ, ಮುದ್ದಣ ಕವಿ. 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಬಡ ವ್ಯಾಯಾಮ ಶಿಕ್ಷಕ. ಅವರ ಶ್ರೀರಾಮಾಶ್ವಮೇಧ ಮಳೆಗಾಲದಿಂದಲೇ ಶುರುವಾಗುತ್ತದೆ. ಹೊತ್ತು ಹೋಗಲೆಂದು ಮನೋರಮೆ ಗಂಡನ ಹತ್ತಿರ ಕತೆ ಕೇಳುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಪದ್ಯವನ್ನು ಬೇಡವೆನ್ನುವ ಅವಳ ಆ ಪ್ರಸಿದ್ಧ ಮಾತು ಕೂಡ ಪ್ರಾಸದಲ್ಲಿಯೇ ಇದೆ! ಷಟ್ಪದಿಯಲ್ಲೂ ಕೈ ಪಳಗಿದ್ದ ಕವಿ ಆತ, ಅದರ ಭಾರ ಗೊತ್ತಿತ್ತು. ಸಾವಿರ ವರ್ಷ ನಡೆದು ಬಂದ ಪ್ರಾಸ ಅಷ್ಟು ಹೊತ್ತಿಗೆ ದಣಿದಿತ್ತು. ಪ್ರಾಸಕ್ಕೆಂದು ಬಂದ ಪದ ಅರ್ಥವನ್ನು ಎಳೆದಾಡುವುದು, ಬೇಕಿಲ್ಲದ ವಿಶೇಷಣ ತುಂಬುವುದು, ಇವನ್ನು ಆ ಕಾಲದ ಸಾಮಾನ್ಯ ಪದ್ಯಗಳಲ್ಲಿ ಬೇಕಾದಷ್ಟು ಕಾಣಬಹುದು.

1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಪ್ರಾಸವನ್ನು ಬಿಟ್ಟು ಬರೆದರು. ಆಗ ಅವರಿಗೆ 28 ವರ್ಷ. ಇಂದು ಅದು ಸಣ್ಣ ಸಂಗತಿಯಾಗಿ ಕಾಣುತ್ತದೆ. ಅಂದು ಅದು ಕಾವ್ಯದ ಬೆನ್ನುಮೂಳೆ ಕಿತ್ತ ಹಾಗೆ ಹಳಬರಿಗೆ ತೋರಿತು, ವಾದ ಎದ್ದಿತು. ಪೈಗಳು ಹಿಂಜರಿಯಲಿಲ್ಲ. ಅವರ ಧೈರ್ಯಕ್ಕೆ ನನ್ನ ಗೌರವ ಪೂರ್ತಿ ಇದೆ. ಹಳೆಯ ಕಾವ್ಯವನ್ನು ಅರೆದು ಕುಡಿದವರು ಅವರು. ಬಿಟ್ಟದ್ದು ಬಾರದೆ ಅಲ್ಲ, ಬೇಕಿಲ್ಲವೆಂದು. ಅದೇ 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯ ಕುರಿತು ಮಾತಾಡಿದ್ದರು. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂತು. ಸಾಲಿನ ತಲೆಯಲ್ಲಿದ್ದ ಪ್ರಾಸ ಕೊನೆಗೆ ಇಳಿಯಿತು. ಸಾಲುಗಳು ಗಿಡ್ಡವಾದವು, ಮೂರು ನಾಲ್ಕು ಐದು ಮಾತ್ರೆಗಳ ಗಣಗಳನ್ನು ಬೇಕಾದಂತೆ ಕೂಡಿಸಿ ಹೊಸ ಪದ್ಯಗಳು ಹುಟ್ಟಿದವು. ಆ ಪುಸ್ತಕದಲ್ಲಿರುವ ‘ವಸಂತ’ ಥಾಮಸ್ ನ್ಯಾಶ್ ಎಂಬ ಇಂಗ್ಲಿಷ್ ಕವಿಯದು. ಋತುರಾಜ ಬಂದ ಸಂತೋಷ, ಹಕ್ಕಿಗಳ ಕೂಗು, ಕುಣಿಯುವ ಅಂತ್ಯಪ್ರಾಸ. ಕನ್ನಡದಲ್ಲಿ ಅದು ಹಾಡಾಗಿಯೇ ಹುಟ್ಟಿದ ಹಾಗಿದೆ, ನನಗೆ ತುಂಬ ಪ್ರೀತಿಯ ಪದ್ಯ. ಆದರೆ ಅಲ್ಲಿ ಚಳಿ ಸಾಯಬೇಕು, ಆ ಮೇಲೆ ವಸಂತ. ಹಕ್ಕಿಗಳ ಕೂಗೂ ಆ ದೇಶದ್ದೇ. ಮಂಗಳೂರಿನ ಹುಡುಗನಿಗೆ ಸಾಯಬೇಕಾದ ಚಳಿ ಎಲ್ಲಿದೆ? ಅವನು ಕಾಯುವುದು ಸೆಕೆ ಸಾಯಲೆಂದು. ಅವನ ಋತು ಹಕ್ಕಿಯ ಉಲಿಯಿಂದ ಬರುವುದಲ್ಲ, ಕಡಲ ಮೇಲಿನ ಸದ್ದಿನಿಂದ ಬರುತ್ತದೆ.

ಆ ಸದ್ದನ್ನು ಬರೆದವರು ಪಂಜೆ ಮಂಗೇಶರಾಯರು. 1874ರಲ್ಲಿ ನಮ್ಮ ಬಂಟ್ವಾಳದಲ್ಲಿಯೇ ಹುಟ್ಟಿದವರು, ಪೈಗಳಿಗಿಂತ ಒಂಬತ್ತು ವರ್ಷ ಹಿರಿಯರು. ಮಂಗಳೂರಿನಲ್ಲಿ ಕನ್ನಡ ಕಲಿಸಿದರು, ಶಾಲೆಗಳ ಇನ್‌ಸ್ಪೆಕ್ಟರಾಗಿ ತಿರುಗಿದರು, ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿಗೆ ಹೆಡ್‌ಮಾಸ್ಟರಾದರು. 1934ರ ರಾಯಚೂರು ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 1937ರಲ್ಲಿ ತೀರಿಕೊಂಡರು. ಅವರ ‘ತೆಂಕಣ ಗಾಳಿಯಾಟ’ ಮಕ್ಕಳ ಪದ್ಯವೆಂದು ಹೆಸರಾಗಿದೆ. ಮಕ್ಕಳಿಗೆ ಕೊಡಿ, ಅದು ಅವರದೇ. ಆದರೆ ಛಂದಸ್ಸು ಬಲ್ಲವರು ಅದನ್ನು ಮಕ್ಕಳ ಕಪಾಟಿನಲ್ಲಿ ಬಿಟ್ಟು ಹೋಗಬಾರದು.

ಮೊದಲು ನಡೆ ನೋಡೋಣ. ನಾಲ್ಕು ಮಾತ್ರೆಯ ಗಣಗಳು ಒಂದರ ಹಿಂದೆ ಒಂದು. ಹಳೆಯ ಮಂದಾನಿಲ ರಗಳೆಯಲ್ಲಿ ಸಾಲಿಗೆ 16 ಮಾತ್ರೆ ಇರುತ್ತದಲ್ಲ, ಅದೇ ಓಟ. ಹರಿಹರ ಹನ್ನೆರಡು–ಹದಿಮೂರನೆಯ ಶತಮಾನದಲ್ಲಿ ಶರಣರ ಕತೆಗಳನ್ನು ಓಡಿಸಿದ ದಾರಿ. ಪಂಜೆಯವರು ಆ ದಾರಿಯನ್ನು ಹಿಡಿದು, ಸಾಲುಗಳನ್ನು ಬೇಕಾದಲ್ಲಿ ಗಿಡ್ಡ ಮಾಡಿ, ಬೇಕಾದಲ್ಲಿ ಬೆಳೆಸಿದರು. ಪದ್ಯದಲ್ಲಿ ಮತ್ತೆ ಮತ್ತೆ ಬರುವ ಮಾತು ‘ಬರುತಿದೆ’. ಅದರ ನಾಲ್ಕು ಅಕ್ಷರಗಳೂ ಲಘು. ಎಲ್ಲಿಯೂ ಕಾಲೂರದ, ಬರಿಯ ಓಟದ ಗಣ. ಗಾಳಿ ಇನ್ನೂ ದೂರದಲ್ಲಿದೆ, ಕಾಣುವುದಿಲ್ಲ, ಆದರೆ ಓಡಿ ಬರುತ್ತಿದೆ ಎಂಬುದು ಆ ನಾಲ್ಕು ಲಘುಗಳಲ್ಲಿಯೇ ಕೇಳುತ್ತದೆ. ಅದರ ನಡುನಡುವೆ ಗುರುಗಳು ಬಂದಾಗ ಮರಕ್ಕೆ ಬಡಿದು ನಿಂತು ಮತ್ತೆ ನುಗ್ಗಿದಂತಾಗುತ್ತದೆ. ನಮ್ಮವರೇ ಆದ ಸೇಡಿಯಾಪು ಕೃಷ್ಣಭಟ್ಟರು ಛಂದಸ್ಸಿನಲ್ಲಿ ಲಯವನ್ನೂ ಗತಿಯನ್ನೂ ಬೇರ್ಪಡಿಸಿ ವಿಚಾರ ಮಾಡಿದ ದೊಡ್ಡ ವಿದ್ವಾಂಸರು. ಅವರ ‘ಛಂದೋಗತಿ’ಯನ್ನು ಓದಿದ ಮೇಲೆ ನಾನು ಈ ಪದ್ಯಕ್ಕೆ ಲಘು ಗುರು ಗುರುತು ಹಾಕಿಸುವುದಕ್ಕಿಂತ ಮೊದಲು ಮಕ್ಕಳಿಂದ ಕೈತಟ್ಟಿಸತೊಡಗಿದೆ. ನಾಲ್ಕಕ್ಕೊಂದು ತಟ್ಟು. ಹಿಂದಿನ ಬೆಂಚಿನವರು ತಟ್ಟುವ ವೇಗ ಹೆಚ್ಚಿಸುತ್ತಾ ಹೋಗುತ್ತಿದ್ದರು, ನಾನು ತಡೆಯುತ್ತಿರಲಿಲ್ಲ.

ಇನ್ನು ಪ್ರಾಸ. ಪದ್ಯ ಶುರುವಾಗುವುದು ಕಾಣದ ಸದ್ದಿನ ಬಗ್ಗೆ ಒಂದಾದ ಮೇಲೊಂದು ಊಹೆಗಳಿಂದ. ಬುಸುಗುಡುವ ಪಾತಾಳದ ಹಾವೇ, ಹಸಿದ ಭೂತದ ಕೂಗೇ, ಯಮನ ಕೋಣವೇ, ಉಸಿರೇ? ಮೂಲದಲ್ಲಿ ಈ ಸಾಲುಗಳ ಎರಡನೆಯ ಅಕ್ಷರಗಳನ್ನು ನೋಡಿ. ಎಲ್ಲದರಲ್ಲೂ ‘ಸ’. ಮೊದಲ ಅಕ್ಷರಗಳೆಲ್ಲ ಹ್ರಸ್ವ. ನಾಗವರ್ಮನ ಪಾಠದಂತೆ ಶುದ್ಧ ಸಿಂಹಪ್ರಾಸ! ಅದರ ಮೇಲೆ ಸಾಲಿನ ಕೊನೆಗೂ ಪ್ರಾಸ, ಪ್ರತಿ ಊಹೆಯೂ ಒಂದೇ ಬಗೆಯ ಪ್ರಶ್ನೆಯ ‘ಓ’ಕಾರದಲ್ಲಿ ಮುಗಿಯುತ್ತದೆ. ತಲೆಯಲ್ಲಿ ಹಳೆಯ ಪ್ರಾಸ, ಕೊನೆಯಲ್ಲಿ ಹೊಸ ಪ್ರಾಸ. ತಲೆಯ ‘ಸ’ಕಾರ ಸುಯ್ಯೆಂದು ಬೀಸಿದರೆ ಕೊನೆಯ ‘ಓ’ಕಾರ ದೂರದಲ್ಲಿ ಮೊಳಗುತ್ತದೆ. ಗಾಳಿಗೆ ಇರುವ ಸದ್ದೂ ಇವೆರಡೇ. ಕಡಲ ಬದಿಯ ಮನೆಯಲ್ಲಿ ಮೇ ಕೊನೆಯ ರಾತ್ರಿ ಮಲಗಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇಲ್ಲಿ ಪ್ರಾಸಕ್ಕೆ ಹೊಸ ಕೆಲಸ ಸಿಕ್ಕಿದೆ. ಅಚ್ಚಿನ ಪುಟದಲ್ಲಿ ಸಾಲು ಕಣ್ಣಿಗೇ ಕಾಣುವುದರಿಂದ ಸಾಲಿನ ಗುರುತಿಗಾಗಿ ಅದು ಬೇಕಿಲ್ಲ. ಪೈಗಳು ಹೇಳಿದ್ದು ಸರಿ, ನಿಯಮಕ್ಕಾಗಿಯೂ ಬೇಕಿಲ್ಲ. ಪಂಜೆಯವರು ಅದನ್ನು ಇಟ್ಟುಕೊಂಡದ್ದು ಹಾವಿನ ಬುಸುವನ್ನೂ ಉಸಿರಿನ ಸುಯ್ಯನ್ನೂ ಕೇಳಿಸಲು. ನಿಯಮಕ್ಕಾಗಿ ಬಂದ ಪ್ರಾಸಕ್ಕೆ ಯಾವ ಅಕ್ಷರವಾದರೂ ನಡೆಯುತ್ತದೆ. ಇಲ್ಲಿ ‘ಸ’ ತೆಗೆದು ‘ಲ’ ಇಟ್ಟರೆ ಗಾಳಿಯೇ ನಿಂತುಹೋಗುತ್ತದೆ. ಮುಂದೆ ಗಾಳಿ ನೆಲಕ್ಕೆ ಬಂದು ಹೆಂಗಸರ ಮುಡಿ ಸಡಿಲಿಸಿ, ಮುದುಕರ ಕೊಡೆ ಹಿಡಿದೆಳೆದು, ಹುಡುಗರ ಟೊಪ್ಪಿ ಹಾರಿಸುವ ಹೊತ್ತಿಗೆ ಪ್ರಾಸ ‘ಡ’ಕಾರಕ್ಕೆ ಹೊರಳುತ್ತದೆ. ಮುಡಿ, ಕೊಡೆ, ಹುಡುಗ. ಸುಯ್ಯುತ್ತಿದ್ದದ್ದು ಈಗ ಬಡಿಯುತ್ತಿದೆ. ಭಾವವೂ ಹೊರಳಿದೆ. ಪಾತಾಳ, ಭೂತ, ಯಮ ಎಂಬ ಭಯದಿಂದ ಶುರುವಾದದ್ದು ಟೊಪ್ಪಿ ಕೊಡೆಗಳ ಗಲಾಟೆಗೆ ಬಂದಾಗ ಮಕ್ಕಳು ನಗುತ್ತಾರೆ. ಹೆದರಿಕೆಯೂ ನಗುವೂ ಒಂದೇ ಗಾಳಿಯವು, ಹೆಸರಿನಲ್ಲಿಯೇ ಅದನ್ನು ಕವಿ ಆಟವೆಂದಿದ್ದಾರೆ. ಹಳೆಯ ಋತುವರ್ಣನೆಯಲ್ಲಿ ಮುದುಕರ ಕೊಡೆಗೆ ಜಾಗವಿರಲಿಲ್ಲ. ಪಂಪನ ತೆಂಕಣ ಗಾಳಿ ವಸಂತದ್ದು, ಸೋಕುತ್ತದೆ, ನೆನಪು ತರುತ್ತದೆ. ಪಂಜೆಯವರ ತೆಂಕಣ ಗಾಳಿ ಮುಂಗಾರಿನ ಮುಂದಾಳು, ತೆಂಕುಪಡುವಣ ಕಡಲಿನಿಂದ ಎದ್ದು ಬರುತ್ತದೆ. ನಡುವೆ ಸುಮಾರು ಸಾವಿರ ವರ್ಷ, ಸಹ್ಯಾದ್ರಿಯ ಆಚೆ ಈಚೆ. ಎರಡರಲ್ಲೂ ಸಾಲಿನ ಎರಡನೆಯ ಅಕ್ಷರ ಕೆಲಸ ಮಾಡುತ್ತಿದೆ.

ಪಂಜೆಯವರಿಗೆ ನಡೆಯನ್ನು ಋತುವಿಗೆ ತಕ್ಕಂತೆ ಆರಿಸುವುದು ಗೊತ್ತಿತ್ತು ಎನ್ನುವುದಕ್ಕೆ ಅವರ ‘ಹುತ್ತರಿ ಹಾಡು’ ಇನ್ನೊಂದು ಸಾಕ್ಷಿ. ಹುತ್ತರಿ ಕೊಡಗಿನ ಸುಗ್ಗಿಹಬ್ಬ. ನವೆಂಬರ್ ಡಿಸೆಂಬರಿನ ಹುಣ್ಣಿಮೆಯ ಹೊತ್ತಿಗೆ ಹೊಸ ಭತ್ತದ ತೆನೆ ಕೊಯ್ದು ಮನೆಗೆ ತರುತ್ತಾರೆ. ಅಲ್ಲಿ ನಾಲ್ಕರ ಓಟವಿಲ್ಲ. ಮೂರು ನಾಲ್ಕು, ಮೂರು ನಾಲ್ಕು ಎಂದು ತೂಗಿ ನಡೆಯುವ ಭಾಮಿನಿಯ ನಡೆ, ಕುಮಾರವ್ಯಾಸ ಭಾರತವನ್ನೆಲ್ಲ ಹೊತ್ತು ಸಾಗಿದ ನಡೆ. ಸಾಲು ಸಾಲಿಗೂ ‘ಎಲ್ಲಿ’ ಎಂದು ಕೇಳುತ್ತಾ ಹೋಗಿ, ಕೊನೆಗೆ ‘ಅಲ್ಲಿ’ ಎಂದು ತೋರಿಸುತ್ತಾರೆ. ಪ್ರಶ್ನೆಗೂ ಉತ್ತರಕ್ಕೂ ಎರಡನೆಯ ಅಕ್ಷರ ಒಂದೇ, ‘ಲ್ಲಿ’. ಆ ಮೊದಲ ನುಡಿಯ ಉದ್ದಕ್ಕೂ ಹಯಪ್ರಾಸ ಮುರಿಯದೆ ನಡೆದಿದೆ. ಬೆರಗು, ಹೆಮ್ಮೆ, ತುಂಬಿದ ಕಣಜದ ನೆಮ್ಮದಿ ಆ ತೂಗುನಡೆಗೆ ಒಪ್ಪುತ್ತವೆ. ಇದನ್ನು ನಾಲ್ಕರ ನಡೆಯಲ್ಲಿ ಬರೆದಿದ್ದರೆ ಹಬ್ಬ ಮೆರವಣಿಗೆಯಾಗುತ್ತಿತ್ತು, ಗಾಳಿಯಾಟವನ್ನು ಮೂರುನಾಲ್ಕರಲ್ಲಿ ಬರೆದಿದ್ದರೆ ಗಾಳಿ ಉಯ್ಯಾಲೆ ಆಡುತ್ತಿತ್ತು. ಒಂದೇ ಕೈ ಬರೆದ ಈ ಎರಡು ಪದ್ಯಗಳನ್ನು ಜೊತೆಗಿಟ್ಟು ಕಲಿಸಿದರೆ ಛಂದಸ್ಸಿಗೂ ಭಾವಕ್ಕೂ ಏನು ನಂಟು ಎಂದು ಬೇರೆ ಪಾಠ ಮಾಡಬೇಕಿಲ್ಲ. ಪರೀಕ್ಷೆಗಳಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸಲು ಕೇಳುತ್ತಾರೆ, ಗಟ್ಟಿಯಾಗಿ ಓದಿ ತೋರಿಸು ಎಂದು ಯಾರೂ ಕೇಳುವುದಿಲ್ಲ. ಇದು ನನ್ನನ್ನು ಬಹಳ ಕಾಲ ನೋಯಿಸಿದೆ. ಗೀಟು ಹಾಕಲು ಬಂದ ಹುಡುಗಿಗೆ ಪದ್ಯ ಬಂತೆಂದು ಅಂಕ ಕೊಡುವುದು ನ್ಯಾಯವಲ್ಲ.

ನವೋದಯದ ಬೇರೆ ಕವಿಗಳೂ ಪ್ರಾಸವನ್ನು ಪೂರ್ತಿ ಕೈಬಿಡಲಿಲ್ಲ, ಬೇಕಾದಾಗ ಕರೆದರು. ಬೇಂದ್ರೆಯವರ ಶ್ರಾವಣ ಕಾಡಿಗೂ ನಾಡಿಗೂ ಬೀಡಿಗೂ ಬರುವಾಗ ಆ ಮೂರು ಪದಗಳಲ್ಲಿ ‘ಡ’ಕಾರ ಎರಡನೆಯ ಜಾಗದಲ್ಲೇ ಇದೆ, ಅಂತ್ಯಪ್ರಾಸವೂ ಹೌದು. ಧಾರವಾಡದ ಜಡಿಮಳೆಗೆ ಆ ಸದ್ದು ಹೊಂದುತ್ತದೆ. ನವ್ಯರ ಕಾಲದಲ್ಲಿ ಪದ್ಯ ಮಾತಿನ ಹತ್ತಿರ ಸರಿಯಿತು, ಪ್ರಾಸ ಇನ್ನಷ್ಟು ಹಿಂದೆ ಉಳಿಯಿತು.

ನಿಯಮವಾಗಿಯೇ ಅದು ಉಳಿದಿರುವ ಒಂದು ಜಾಗ ಯಕ್ಷಗಾನ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳಿಂದ ಹಿಡಿದು ಈ ವರ್ಷದ ಹೊಸ ಪ್ರಸಂಗದವರೆಗೆ, ಪದ್ಯಕ್ಕೆ ಆದಿಪ್ರಾಸ ತಪ್ಪಿದರೆ ಬಲ್ಲವರು ಒಪ್ಪುವುದಿಲ್ಲ. ಕಾರಣ ಹುಡುಕಬೇಕಾಗಿಲ್ಲ. ಆಟ ನೋಡುವವರ ಕೈಯಲ್ಲಿ ಪುಸ್ತಕವಿಲ್ಲ. ಚೆಂಡೆ ಮದ್ದಳೆಯ ನಡುವೆ ಭಾಗವತರ ಬಾಯಿಂದ ಬಂದದ್ದೇ ಪದ್ಯ. ಭಾಮಿನಿ, ವಾರ್ಧಕಗಳನ್ನು ತಾಳವಿಲ್ಲದೆ ರಾಗ ಎಳೆದು ಹಾಡುವಾಗಲಂತೂ ಸಾಲಿನ ತಲೆ ತಿಳಿಯುವುದು ಆ ಎರಡನೆಯ ಅಕ್ಷರದಿಂದಲೇ. ಅಜ್ಜನ ಓಲೆಗರಿಯ ಕಾಲ ಅಲ್ಲಿ ಇನ್ನೂ ಮುಗಿದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಪ್ರಸಂಗ ಬರೆಯುತ್ತಾನೆ. ಹಗಲು ಅಡಿಕೆ ವ್ಯಾಪಾರ, ರಾತ್ರಿ ಪದ್ಯ. ಬರೆದದ್ದನ್ನು ಫೋನಿನಲ್ಲಿ ಹಾಡಿ ಕೇಳಿಸುತ್ತಾನೆ. ಕಳೆದ ಮಳೆಗಾಲದಲ್ಲಿ ಒಂದು ಭಾಮಿನಿ ಕೇಳಿಸಿದ, ಕಾಡಿನಲ್ಲಿ ಮಳೆ ಹಿಡಿಯುವ ಸನ್ನಿವೇಶ. ‘ಳ’ಕಾರದ ಪ್ರಾಸ ಎತ್ತಿಕೊಂಡಿದ್ದ. ಮಳೆ, ಹೊಳೆ, ಇಳೆ, ಬೆಳೆ, ಕೊಳೆ, ನಮ್ಮ ಮಳೆಗಾಲವೆಲ್ಲ ‘ಳ’ಕಾರದಲ್ಲಿಯೇ ತುಂಬಿದೆಯಲ್ಲ ಟೀಚರ್ ಎಂದು ಖುಷಿಯಲ್ಲಿದ್ದ. ಐದು ಸಾಲು ಸಲೀಸಾಗಿ ಹರಿದಿತ್ತು. ಆರನೆಯದನ್ನು ಗಾಳಿಯಿಂದ ಎತ್ತಿದ್ದ. ಹಾಡುತ್ತಾ ಬಂದವನು ಅಲ್ಲಿ ತಾನೇ ನಿಂತ. ‘ಗಾ’ ದೀರ್ಘ, ಗಜಪ್ರಾಸವಾಯಿತು. ಸಿಂಹಗಳ ನಡುವೆ ಅದು ಸಲ್ಲುವುದಿಲ್ಲ. ಅಕ್ಷರ ಅದೇ ‘ಳ’ ತಾನೇ, ನಡೆಯುವುದಿಲ್ಲವೇ ಎಂದು ಕೇಳಿದ. ಹಾಡಿ ನೋಡು ಎಂದೆ. ಹಾಡಿದ, ಮತ್ತೊಮ್ಮೆ ಹಾಡಿದ. ‘ಇಲ್ಲ ಟೀಚರ್, ಕಿವಿ ಒಪ್ಪುದಿಲ್ಲ’ ಎಂದ. ಆ ಸಾಲಿನ ತಲೆಗೆ ಹೊಳೆಯನ್ನು ತಂದು, ಗಾಳಿಯನ್ನು ಮುಂದಿನ ಪದ್ಯಕ್ಕೆ ಸರಿಸೋಣವೆಂದು ಇಬ್ಬರೂ ಕೂಡಿ ತೀರ್ಮಾನಿಸಿದೆವು. ಅದು ಪೂರ್ತಿ ಗಜಪ್ರಾಸದ ಪದ್ಯ. ಗಾಳಿಯ ಜೊತೆಗೆ ಬಾಳೆ, ತಾಳೆ, ಹಾಳೆ, ನಾಳೆ ಸಿಕ್ಕಿವೆ. ಇನ್ನೊಂದು ಸಾಲಿಗೆ ಅವನು ಪದ ಹುಡುಕುತ್ತಿದ್ದಾನೆ.